ಖುಷ್ಕಿ ಹೊಲದಲ್ಲಿ ಮಳೆಯ ನೀರನ್ನೂ ಮಣ್ಣಿನ ಸಾರವನ್ನೂ ಉಳಿಸುವ ಬಗೆ

ಬೆಂಗಳೂರು, ಕೋಲಾರ, ತುಮಕೂರು ಮೊದಲಾದ ಜಿಲ್ಲೆಗಳ ಕೆಂಪು ಮಣ್ಣಿನ ಖುಷ್ಕಿ ಭೂಮಿಯಲ್ಲಿ ರಾಗಿಯು ಮುಖ್ಯವಾದ ಬೆಳೆಯಾಗಿರುವುದು. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 700ರಿಂದ 900 ಮಿಲಿಮೀಟರುಗಳಷ್ಟು ಮಳೆಯಾಗುತ್ತದೆ. ರಾಗಿಗೆ ಇದು ಕಡಿಮೆಯಲ್ಲ. ಆದರೂ ತೆನೆ ಹೊರಡುವ ಕಾಲದಲ್ಲಿ ಹದಿನೈದು ದಿನ ಮಳೆಯು ತಡೆದರೆ ಪೈರು ಬಾಡುವುದನ್ನು ಕಾಣುತ್ತೇವೆ. ಇದಕ್ಕೆ ಕಾರಣವೇನೆಂದರೆ, ಮಳೆಯ ಬಹುಭಾಗವು ಕೆಲವೇ ದಿನಗಳಲ್ಲಿ ಬಿರುಸಾಗಿ ಸುರಿದು, ಹೊಲದೊಳಗೆ ಇಂಗದೆ ಹರಿದುಹೋಗುವುದು. ಹೀಗೆ ಹೋಗುವ ನೀರು ಬರಿದೇ ಹೋಗುವುದಿಲ್ಲ. ಮೇಲ್ಮಣ್ಣನ್ನೂ, ಅದರೊಡನೆ ರೈತನು ಕಷ್ಟಪಟ್ಟು ಹೊಡೆದ ಗೊಬ್ಬರದ ಸಾರವನ್ನೂ ಕೊಂಡೊಯ್ಯುವುದು. ಆದುದರಿಂದ ನೀರನ್ನು ನಿಲ್ಲಿಸುವುದು ಮೊದಲನೆಯ ಕೆಲಸ. ಗೊಬ್ಬರವನ್ನು ಹಾಕುವುದು ಎರಡನೆಯ ಕೆಲಸ. ಈ ಕ್ರಮವು ತಪ್ಪಿದರೆ ಗೊಬ್ಬರದ ಖರ್ಚೆಲ್ಲವೂ ಹಳ್ಳದ ಪಾಲಾಗುವುದು.

ನಷ್ಟದ ಲೆಕ್ಕ

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಆ ನೀರು ಸುಮಾರು 1 ಲಕ್ಷ ಲೀಟರುಗಳಾಗುವುದು. ಅದೇ ಎಕರೆಯಿಂದ ಒಂದು ಅಂಗುಲ ದಪ್ಪದ ಮಣ್ಣು ಕೊಚ್ಚಿಹೋದರೆ ಅದರ ತೂಕ ಸುಮಾರು 140 ಟನ್ನು. ವರ್ಷಕ್ಕೆ ಎಕರೆಗೆ 3 ಟನ್ನು ಗೊಬ್ಬರವನ್ನು ಹಾಕುವ ರೈತನೂ ನಲವತ್ತು ವರ್ಷಗಳಲ್ಲಿ ಅಷ್ಟು ತೂಕವನ್ನು ತುಂಬಲಾರನು. ಇದಲ್ಲದೆ, ಹಗುರವಾದ ಜೇಡಿಯೂ ಕೊಳೆತ ಸಸ್ಯಾಂಶವೂ ಮೊದಲು ಹೋಗಿ, ಮರಳೂ ಕಲ್ಲೂ ಹಿಂದೆ ಉಳಿಯುವುವು. ಭೂಮಿಯ ವಿಸ್ತೀರ್ಣವು ಕಾಗದದಲ್ಲಿ ಮೊದಲಿನಷ್ಟೇ ಇದ್ದರೂ ಬೆಳೆಯನ್ನು ಕೊಡುವ ಭೂಮಿಯು ಕರಗುತ್ತ ಬರುವುದು.

ಸಮಪಾತಳಿಯ ಬದು

ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಹಾಕಿದ ಬದುವು ನೀರಿನ ಓಟವನ್ನು ತಡೆಯುವುದು. ಮಟ್ಟವನ್ನು ಕಣ್ಣಂದಾಜಿನಿಂದ ನಿಶ್ಚಯಿಸಲಾಗದು. ಬೆಲೆಯುಳ್ಳ ಯಂತ್ರವೂ ಬೇಕಿಲ್ಲ. ಒಂದೇ ಉದ್ದದ ಎರಡು ಗಳುಗಳ ತುದಿಗಳನ್ನು ಸೇರಿಸಿ ಕಟ್ಟಿ, ಬುಡಗಳನ್ನು ಅಗಲಿಸಿ, ನಡುವೆ ಒಂದು ಅಡ್ಡಗಳುವನ್ನು ಬಿಗಿಯಬೇಕು. ಮೇಲಿನ ತುದಿಯಿಂದ ಕಲ್ಲು ಕಟ್ಟಿದ ದಾರವನ್ನು ಅಡ್ಡಗಳುವಿಗಿಂತ ಕೆಳಗೆ ಬರುವಂತೆ ಇಳಿಬಿಡಬೇಕು. ಎರಡು ಗೂಟಗಳ ಮೇಲೆ ಕಾಲುಗಳನ್ನಿಟ್ಟು, ದಾರವು ಅಡ್ಡಗಳುವನ್ನು ಮುಟ್ಟುವ ಸ್ಥಳವನ್ನು ಗುರುತಿಸತಕ್ಕದ್ದು. ಬಳಿಕ ಕಾಲುಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ಗುರುತಿಸತಕ್ಕದ್ದು. ಇವೆರಡರ ನಟ್ಟನಡುವಿನದೇ ಮಟ್ಟದ ಗುರುತು. ಹೊಲದಲ್ಲಿ ಒಂದು ಕಾಲನ್ನು ಊರಿ, ದಾರವು ಈ ಗುರುತಿಗೆ ಬರುವವರೆಗೆ ಮತ್ತೊಂದನ್ನು ಮೇಲೆ ಕೆಳಗೆ ಸರಿಸಿ, ಅಲ್ಲಲ್ಲಿ ಗೂಟ ಹೊಡೆಯುತ್ತ ಹೋದರೆ ಬದುವಿನ ಗೆರೆಯು ದೊರೆಯುವುದು.

ಇಳಿಜಾರಿನ ಮೇಲಿನ ಹೊಲದಿಂದ ಕೆಲಸವನ್ನು ಆರಂಭಿಸುವುದು ಅವಶ್ಯಕ. ಕೆಳಗಿನ ರೈತನೊಬ್ಬನೇ ಬದುವನ್ನು ಹಾಕಿದರೆ ಮೇಲಿನ ಹೊಲಗಳ ನೀರೆಲ್ಲವೂ ಒಮ್ಮೆಲೇ ಬಂದು ಅದನ್ನು ಒಡೆಯುವುದು. ನೆರೆಹೊಲದವರು ಕೂಡಿ ಮಾಡಿದರೆ ಶ್ರಮವೂ ಕಡಿಮೆ, ಫಲವೂ ಹೆಚ್ಚು. ಹೆಚ್ಚಾದ ನೀರು ಹೊರಹೋಗಲು ಕಲ್ಲು ಜೋಡಿಸಿದ ಕೋಡಿಯನ್ನು ಬಿಡಬೇಕು. ಬದುವಿನ ಮೇಲೆ ಲಾವಂಚವನ್ನು ಒತ್ತಾಗಿ ನೆಟ್ಟರೆ ಅದರ ಆಳವಾದ ಬೇರುಗಳು ಮಣ್ಣನ್ನು ಹಿಡಿಯುವುವು. ಗುಂಡ್ಲುಪೇಟೆಯ ಕಡೆಯಲ್ಲಿ ಹೊಲದ ಗಡಿಗೆ ಲಾವಂಚವನ್ನು ನೆಡುವುದು ಹಳೆಯ ವಾಡಿಕೆ. ಉಳುಮೆಯೂ ಕೂರಿಗೆಯ ಸಾಲುಗಳೂ ಬದುವಿಗೆ ಸಮನಾಗಿಯೇ ನಡೆಯಬೇಕು. ಆಗ ಒಂದೊಂದು ಸಾಲೂ ಒಂದೊಂದು ಸಣ್ಣ ಬದುವಾಗುವುದು.

ಈ ವಿಧಾನವು ಕೆಂಪು ಮಣ್ಣಿಗೆ ತಕ್ಕದ್ದು. ಎರೆಭೂಮಿಯಲ್ಲಿ ನೀರು ನಿಧಾನವಾಗಿ ಇಂಗುವುದರಿಂದ ಬದುವಿನ ಹಿಂದೆ ನಿಂತು ಪೈರನ್ನು ಕೊಳೆಸುವುದು. ಅಲ್ಲಿ ಬದುವಿಗೆ ಸ್ವಲ್ಪ ಓಟವನ್ನು ಕೊಟ್ಟು, ಹುಲ್ಲು ಬೆಳೆಸಿದ ಕಾಲುವೆಗೆ ನೀರನ್ನು ತಿರುಗಿಸತಕ್ಕದ್ದು.

ಗೊಬ್ಬರದ ರಕ್ಷಣೆ

ದನಗಳು ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧವು ಗಂಜಲದಲ್ಲಿರುವುದು. ಕೊಟ್ಟಿಗೆಯಿಂದ ಹರಿದುಹೋಗುವ ಈ ಸಾರವನ್ನು ಒಣಮಣ್ಣು, ತರಗು, ಕೂಳೆ ಇವುಗಳನ್ನು ಹಾಸಿ ಹೀರಿಸಿ, ದಿನವೂ ಗುಂಡಿಗೆ ಸೇರಿಸಬೇಕು. ತಿಪ್ಪೆಯನ್ನು ಬಿಸಿಲು ಮಳೆಗಳಿಗೆ ಬಿಟ್ಟರೆ ಸತ್ವವು ಆವಿಯಾಗಿಯೂ ನೀರಾಗಿಯೂ ಹೋಗುವುದು.

1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ ಕಾಂಪೋಸ್ಟ್ ಪದ್ಧತಿಯು ನೀರು ಕಡಿಮೆಯಿರುವ ಊರುಗಳಿಗೆ ಅನುಕೂಲವಾದುದು. ಸುಮಾರು ಒಂದು ಮೀಟರು ಆಳದ ಗುಂಡಿಯಲ್ಲಿ ತೇವವಾದ ಕಸಕಡ್ಡಿಯನ್ನೂ ಸಗಣಿ ಗಂಜಲಗಳನ್ನೂ ಪದರಪದರವಾಗಿ ತುಂಬಿ, ಮೇಲೆ ಕೆಸರುಮಣ್ಣನ್ನು ಮೆತ್ತಿ ಮುಚ್ಚಬೇಕು. ಮಗುಚಬೇಕಾದುದಿಲ್ಲ, ಮತ್ತೆ ಮತ್ತೆ ನೀರು ಹಾಕಬೇಕಾದುದೂ ಇಲ್ಲ. ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರವು ಸಿದ್ಧವಾಗುವುದು.

ಹಸುರು ಗೊಬ್ಬರ ಮತ್ತು ಅಕ್ಕಡಿ

ದನಗಳು ಕಡಿಮೆಯಿರುವ ರೈತನಿಗೆ ಹಸುರು ಗೊಬ್ಬರವೇ ಆಧಾರ. ಏಪ್ರಿಲ್ ಮೇ ತಿಂಗಳುಗಳ ಮುಂಗಾರು ಹದದಲ್ಲಿ ಅಪ್ಸೆಣಬನ್ನು ಬಿತ್ತಿ, ಆರೆಂಟು ವಾರಗಳಲ್ಲಿ ಹೂ ಬಿಡುವ ಸಮಯಕ್ಕೆ ಉತ್ತು ಮಣ್ಣಿಗೆ ಸೇರಿಸಿದರೆ, ಅದು ಕೊಳೆತ ಮೇಲೆ ರಾಗಿಯನ್ನು ಬಿತ್ತಬಹುದು. ಬದುಗಳ ಮೇಲೆ ಹೊಂಗೆಯನ್ನೂ ಗೊಬ್ಬರದ ಗಿಡವನ್ನೂ ಬೆಳೆಸಿದರೆ ವರ್ಷವರ್ಷವೂ ಸೊಪ್ಪು ದೊರೆಯುವುದು. ರಾಗಿಯ ನಡುವೆ ಅವರೆ, ತೊಗರಿಗಳನ್ನು ಅಕ್ಕಡಿ ಸಾಲುಗಳಾಗಿ ಬಿತ್ತುವ ಹಿರಿಯರ ಪದ್ಧತಿಯನ್ನು ಬಿಡಬಾರದು. ಈ ದ್ವಿದಳ ಸಸ್ಯಗಳು ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಹಿಡಿಯುವುವು. ರಾಗಿಯು ಕೈಕೊಟ್ಟ ವರ್ಷದಲ್ಲಿ ಮನೆಗೆ ಕಾಳನ್ನೂ ಕೊಡುವುವು.

ಕೆಲಸದ ಕ್ರಮ

ಸುಗ್ಗಿಯಾದೊಡನೆ ಮಾಗಿ ಉಳುಮೆ, ಬೇಸಗೆಯಲ್ಲಿ ಬದು ಮತ್ತು ಕೋಡಿಗಳ ದುರಸ್ತಿ, ಮುಂಗಾರಿನಲ್ಲಿ ಅಪ್ಸೆಣಬು, ಬಿತ್ತನೆಗೆ ಮುಂಚೆ ಗೊಬ್ಬರ, ಪೈರು ಎದ್ದ ಮೇಲೆ ಎಡೆಕುಂಟೆ. ಎಡೆಕುಂಟೆಯು ಕಳೆಯನ್ನು ಕೊಲ್ಲುವುದಲ್ಲದೆ ಹೆಪ್ಪುಗಟ್ಟಿದ ಮೇಲ್ಮಣ್ಣನ್ನು ಒಡೆದು ಮುಂದಿನ ಮಳೆಗೆ ದಾರಿಮಾಡುವುದು. ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಲಾಗದವನು ಮೊದಲು ಬದುವನ್ನು ಮಾತ್ರವಾದರೂ ಹಾಕಿಕೊಳ್ಳಲಿ. ಅಂಗಡಿಯಿಂದ ತಂದ ರಾಸಾಯನಿಕ ಗೊಬ್ಬರವಾಗಲಿ, ಮನೆಯ ತಿಪ್ಪೆಯ ಗೊಬ್ಬರವಾಗಲಿ, ನೀರು ನಿಲ್ಲುವ ಹೊಲದಲ್ಲಿ ಮಾತ್ರ ರೈತನ ಪಾಲಿಗೆ ನಿಲ್ಲುವುದು.