ಬರಿಗಾಲು ಮತ್ತು ಪಾದದ ಕಮಾನು

ಒದ್ದೆಗಾಲಿನಿಂದ ಒಣನೆಲದ ಮೇಲೆ ನಿಂತು ಈಚೆಗೆ ಬಂದರೆ ಹೆಜ್ಜೆಯ ಗುರುತು ಮೂಡಿರುತ್ತದೆ. ಅದರಲ್ಲಿ ಹಿಮ್ಮಡಿಯೂ ಬೆರಳುಗಳ ಬುಡವೂ ಅಗಲವಾಗಿ ಕಾಣುತ್ತವೆ. ಒಳಬದಿಯ ನಡುಭಾಗ ಮಾತ್ರ ನೆಲವನ್ನು ಮುಟ್ಟಿರುವುದಿಲ್ಲ. ಅಲ್ಲಿ ಒಂದು ಕಮಾನಿದೆ. ಆ ಭಾಗವೂ ಪೂರ್ತಿಯಾಗಿ ಒತ್ತಿದ್ದರೆ ಅದು ಚಪ್ಪಟೆ ಪಾದ.

ಕಲ್ಲಿನ ಕಮಾನಿಗೆ ಎರಡು ತುದಿಗಳಲ್ಲಿಯೂ ಭದ್ರವಾದ ಆಸರೆ ಬೇಕು. ಇಲ್ಲವಾದರೆ ಭಾರಕ್ಕೆ ತುದಿಗಳು ಹೊರಕ್ಕೆ ಸರಿದು ಕಮಾನು ಕುಸಿಯುವುದು. ಪಾದಕ್ಕೆ ಅಂತಹ ಆಸರೆ ಎಲ್ಲಿದೆ? ಅದರ ಬದಲು ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಗಟ್ಟಿಯಾದ ತಂತುಪಟ್ಟಿಯೊಂದು ಬಿಲ್ಲಿನ ಹೆದೆಯಂತೆ ಬಿಗಿದಿದೆ. ತುದಿಗಾಲಿನ ಮೇಲೆ ನಿಂತೊಡನೆ ಬೆರಳುಗಳು ಮೇಲಕ್ಕೆ ಬಾಗಿ, ರಾಟೆಯ ಮೇಲೆ ಹಗ್ಗವನ್ನೆಳೆದಂತೆ ಈ ಹೆದೆಯನ್ನು ಎಳೆಯುತ್ತವೆ, ಕಮಾನು ಮೇಲೇಳುತ್ತದೆ. 1954ರಲ್ಲಿ ಹಿಕ್ಸ್ ಎಂಬವರು ಈ ಏರ್ಪಾಡನ್ನು ವಿವರಿಸಿದರು.

ಹಸುಗೂಸಿನ ಪಾದದಲ್ಲಿ ಕಮಾನು ಕಾಣುವುದಿಲ್ಲ. ಮೊದಲ ಹತ್ತು ವರ್ಷಗಳಲ್ಲಿ ಅದು ಕ್ರಮೇಣ ರೂಪುಗೊಳ್ಳುತ್ತದೆ. ಇಲ್ಲಿಯೇ ಸಿರಿತನ ಬಡತನಗಳ ಪ್ರಶ್ನೆ ಬರುವುದು. ಕಾಲಿನ ವಕ್ರತೆಯೆಂದರೆ ಬಡವರ ಮಕ್ಕಳ ಪಾಡೆಂದು ನಾವು ಭಾವಿಸುತ್ತೇವೆ. ರಿಕೆಟ್ಸ್ ರೋಗದ ಮಟ್ಟಿಗೆ ಅದು ಬಹಳ ಮಟ್ಟಿಗೆ ನಿಜ. ಹೊಗೆ ಮುಸುಕಿದ ಯೂರೋಪಿನ ಕೈಗಾರಿಕಾ ನಗರಗಳಲ್ಲಿ, ಬಿಸಿಲು ಕಾಣದ ಕೇರಿಗಳ ಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗುತ್ತಿದ್ದವು. ಚಪ್ಪಟೆ ಪಾದದ ಕಥೆ ಬೇರೆ.

ನಮ್ಮ ಕರಾವಳಿಯ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯರಾದ ರಾವ್ ಮತ್ತು ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತುಗಳನ್ನು ಪರೀಕ್ಷಿಸಿ 1992ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪಾದರಕ್ಷೆ ತೊಡುವವರಲ್ಲಿ ಶೇಕಡ 8.6 ಮಂದಿಗೆ ಚಪ್ಪಟೆ ಪಾದವಿತ್ತು. ಬರಿಗಾಲಿನವರಲ್ಲಿ ಶೇಕಡ 2.8 ಮಂದಿಗೆ ಮಾತ್ರ! ಮುಂಭಾಗ ಮುಚ್ಚಿದ ಬೂಟಿನವರಲ್ಲಿ ಅದು ಎಲ್ಲಕ್ಕಿಂತ ಹೆಚ್ಚು, ಚಪ್ಪಲಿಯವರು ನಡುವೆ. ಕೀಲುಗಳ ಬಂಧ ಸಹಜವಾಗಿಯೇ ಸಡಿಲವಾಗಿದ್ದ ಮಕ್ಕಳಲ್ಲಿ ಈ ಅಂತರ ಇನ್ನೂ ಎದ್ದು ಕಾಣುತ್ತಿತ್ತು. ಎಳೆಯ ವಯಸ್ಸಿನ ಬೂಟು ಕಮಾನಿನ ಬೆಳವಣಿಗೆಗೆ ಅಡ್ಡಿಯಾಗಬಹುದೆಂಬುದು ಅವರ ಅಭಿಪ್ರಾಯ. ಹೊರಗಿನ ಆಸರೆಯೇ ಕೆಲಸ ಮಾಡಿದರೆ ಪಾದದ ಸ್ನಾಯುಗಳಿಗೆ ದುಡಿಮೆ ಕಡಿಮೆಯಷ್ಟೆ.

ಆದರೂ ಒಂದು ಮಾತು. ಬೂಟು ಕೊಳ್ಳುವ ಮನೆಗೂ ಕೊಳ್ಳಲಾರದ ಮನೆಗೂ ಊಟ, ಆಟ, ಮೈತೂಕ, ಎಲ್ಲವೂ ಬೇರೆಯಿರಬಹುದು. ಬೂಟೊಂದನ್ನೇ ಅಪರಾಧಿಯೆನ್ನುವಾಗ ಇದನ್ನು ಮರೆಯಲಾಗದು. ಬರಿಗಾಲು ವರವೂ ಅಲ್ಲ: ಮಣ್ಣಿನಲ್ಲಿರುವ ಕೊಕ್ಕೆಹುಳುವಿನ ಮರಿ ಅಂಗಾಲಿನ ಚರ್ಮವನ್ನೇ ಕೊರೆದು ಒಳಹೊಕ್ಕು, ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತದೆ. ಕಮಾನು ಚೆನ್ನಾಗಿರುವ ಹುಡುಗ ರಕ್ತಹೀನನಾಗಿ ತರಗತಿಯಲ್ಲಿ ತೂಕಡಿಸುವುದುಂಟು. ತೆರೆದ ಚಪ್ಪಲಿ ನಮಗೆ ಒಳ್ಳೆಯ ಒಪ್ಪಂದವಾಗಿ ತೋರುತ್ತದೆ.

ಗುರುತು ಚಪ್ಪಟೆಯಾಗಿ ಮೂಡಿದವರು ಗಾಬರಿಪಡಬೇಕಿಲ್ಲ. ತುದಿಗಾಲಿನ ಮೇಲೆ ನಿಂತಾಗ ಕಮಾನು ಮೂಡಿದರೆ, ನೋವೂ ಇಲ್ಲದಿದ್ದರೆ, ಸಾಮಾನ್ಯವಾಗಿ ಚಿಕಿತ್ಸೆ ಬೇಕಾಗದು. ಮೂಡದಿದ್ದರೆ ಅಥವಾ ನೋವಿದ್ದರೆ ವೈದ್ಯರಿಗೆ ತೋರಿಸಬೇಕು.