ಡಬ್ಬಿ ಆಮೇಲೆ, ಅರ್ತಿಂಗ್ ಮೊದಲು

ಎಲೆಕ್ಟ್ರಿಕ್ ಕಾರು ಬುಕ್ ಮಾಡಿ ಬಂದವರು ಫೋನು ಹಚ್ಚಿ ಮೊದಲು ಕೇಳುವುದು, "ಯಾವ ಕಂಪನಿ ಚಾರ್ಜರ್ ಹಾಕಿಸಲಿ?" ನಾನು ತಿರುಗಿ ಕೇಳುವುದು, "ಮನೆ ಕಟ್ಟಿ ಎಷ್ಟು ವರ್ಷ ಆಯ್ತು, ಅರ್ತಿಂಗ್ ಗುಂಡಿ ಎಲ್ಲಿದೆ?" ಎರಡನೆಯದಕ್ಕೆ ಬಹಳ ಮಂದಿಯ ಹತ್ತಿರ ಉತ್ತರ ಇರುವುದಿಲ್ಲ. ತುಮಕೂರು ನಗರ, ಗುಬ್ಬಿ, ಕುಣಿಗಲ್ ಕಡೆ ವೈರಿಂಗ್ ಗುತ್ತಿಗೆ ಮಾಡಿಕೊಂಡು ಬಂದವನು ನಾನು. ಗೋಡೆಯ ಮೇಲೆ ಕಾಣುವ ಡಬ್ಬಿಯ ಬಗ್ಗೆ ಅಂಗಡಿಯವರೇ ಬೇಕಾದಷ್ಟು ಹೇಳುತ್ತಾರೆ. ಅದರ ಹಿಂದಿರುವುದರ ಬಗ್ಗೆ ಕಲಿತದ್ದು ಇಷ್ಟು.

1. ಮೊದಲು ಓಡಾಟದ ಲೆಕ್ಕ, ಆಮೇಲೆ ಕಿಲೋವ್ಯಾಟ್

ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿ.ಮೀ. ದಿನಾ ಹೋಗಿಬಂದರೆ 40. ಚಿಕ್ಕ ಕಾರು ಒಂದು ಯೂನಿಟ್ ಕರೆಂಟಿಗೆ ಏಳು ಕಿ.ಮೀ. ಓಡುತ್ತದೆ ಅಂತಿಟ್ಟುಕೊಂಡರೆ ಆರು ಯೂನಿಟ್ ಸಾಕು. 16 ಆಂಪಿಯರ್‌ನ ಪವರ್ ಪ್ಲಗ್ ಗಂಟೆಗೆ ಮೂರು ಯೂನಿಟ್ ತುಂಬುತ್ತದೆ. ಅಲ್ಲಿಗೆ ಎರಡು ಗಂಟೆಯ ಕೆಲಸ. ಬೆಂಗಳೂರಿಗೆ ಹೋಗಿಬಂದರೂ 140 ಕಿ.ಮೀ., ಇಪ್ಪತ್ತು ಯೂನಿಟ್, ಏಳು ಗಂಟೆ. ರಾತ್ರಿ ಹತ್ತಕ್ಕೆ ಸಿಕ್ಕಿಸಿ ಮಲಗಿದರೆ ಹಾಲಿನವನು ಬರುವ ಹೊತ್ತಿಗೆ ಮುಗಿದಿರುತ್ತದೆ.

7.2 ಕಿಲೋವ್ಯಾಟ್‌ನ ಗೋಡೆ ಚಾರ್ಜರ್ ಬೇಕಾಗುವುದು ಮನೆಯಲ್ಲಿ ಎರಡು ಕಾರಿದ್ದವರಿಗೆ, ಬಾಡಿಗೆಗೆ ಓಡಿಸುವವರಿಗೆ, ನಡುರಾತ್ರಿ ಬಂದು ಬೆಳಗಿನ ಜಾವಕ್ಕೆ ಮತ್ತೆ ಹೊರಡುವವರಿಗೆ. ಉಳಿದವರು ಆ ದುಡ್ಡನ್ನು ತಂತಿಗೂ ಅರ್ತಿಂಗ್‌ಗೂ ಹಾಕಲಿ. ಹೀಗೆ ಹೇಳಿದರೆ ನನಗೇ ವ್ಯಾಪಾರ ಕಡಿಮೆ, ಆದರೂ ಹೇಳುತ್ತೇನೆ.

2. ನಿಜವಾದ ಚಾರ್ಜರ್ ಕಾರಿನ ಹೊಟ್ಟೆಯಲ್ಲಿದೆ

ಎ.ಸಿ. ಕರೆಂಟನ್ನು ಡಿ.ಸಿ. ಮಾಡಿ ಬ್ಯಾಟರಿಗೆ ಕೊಡುವ ಯಂತ್ರ ಕಾರಿನೊಳಗೇ ಇರುತ್ತದೆ. ಗೋಡೆಯ ಡಬ್ಬಿ "ಇಷ್ಟು ಆಂಪಿಯರ್‌ವರೆಗೆ ಎಳೆದುಕೋ" ಎಂದು ಕಾರಿಗೆ ತಿಳಿಸುವ ಕಾವಲುಗಾರ, ಅಷ್ಟೆ. 2022ರಲ್ಲಿ ಬಂದ ಟಾಟಾ ಟಿಯಾಗೋ ಇವಿಯಲ್ಲಿ 3.3 ಮತ್ತು 7.2 ಎರಡೂ ಬಗೆಯವು ಇದ್ದವು. 3.3ರ ಕಾರು ಕೊಂಡು 7.2ರ ಡಬ್ಬಿ ಹಾಕಿಸಿದರೆ ಸಿಗುವುದು 3.3 ಮಾತ್ರ. ಶೋರೂಮಿನಲ್ಲೇ ಇದನ್ನು ಕೇಳಿ, ಬರೆಸಿಕೊಳ್ಳಿ.

3. ಅರ್ತಿಂಗ್ ಪರೀಕ್ಷೆ ಏಪ್ರಿಲ್‌ನಲ್ಲಿ ಮಾಡಿಸಿ

ಫ್ರಿಜ್ಜು, ಮಿಕ್ಸಿ ಅರ್ತಿಂಗ್ ಇಲ್ಲದೆಯೂ ತಿರುಗುತ್ತವೆ. ಹಾಗಾಗಿ ಹಳೆಯ ಮನೆಗಳಲ್ಲಿ ಅದು ಸತ್ತು ಎಷ್ಟೋ ವರ್ಷವಾದರೂ ಯಾರಿಗೂ ಗೊತ್ತಾಗಿರುವುದಿಲ್ಲ. ಕಾರಿನ ಚಾರ್ಜರ್ ಹಾಗಲ್ಲ. ಡಬ್ಬಿ ಕಾರಿಗೆ ಕಳಿಸುವ ಸಣ್ಣ ಸಂಕೇತ ಅರ್ತ್ ತಂತಿಯ ಮೂಲಕವೇ ವಾಪಸ್ ಬರಬೇಕು. ಅದೂ ಅಲ್ಲದೆ ಹೆಚ್ಚಿನ ಚಾರ್ಜರ್‌ಗಳು ಮನೆಯ ಅರ್ತ್ ಸರಿಯಿದೆಯೇ ಎಂದು ತಾವೇ ನೋಡುತ್ತವೆ. ಸರಿಯಿಲ್ಲದಿದ್ದರೆ ಕೆಂಪು ದೀಪ ಹತ್ತಿಸಿ ಸುಮ್ಮನಾಗುತ್ತವೆ. "ಹೊಸ ಚಾರ್ಜರೇ ಕೆಟ್ಟಿದೆ ಕಣ್ರೀ" ಎಂದು ಕರೆಸಿದ ಮನೆಗಳಲ್ಲಿ ಬಹುಪಾಲು ಕೆಟ್ಟಿದ್ದದ್ದು ಅರ್ತಿಂಗ್.

ನಮ್ಮ ಸೀಮೆಯದು ಕೆಂಪು ಮಣ್ಣು, ನಾಲ್ಕಡಿ ಅಗೆದರೆ ಎಷ್ಟೋ ಕಡೆ ಬಂಡೆ. ಮಳೆಗಾಲದಲ್ಲಿ ಮೀಟರು ಚೆನ್ನಾಗಿ ತೋರಿಸಿದ ಗುಂಡಿ ಬೇಸಿಗೆಯಲ್ಲಿ ಒಣಗಿ ಕೈಕೊಡುತ್ತದೆ. ಅದಕ್ಕೇ ಏಪ್ರಿಲ್‌ನಲ್ಲಿ ಅಳೆಯಿರಿ ಎನ್ನುವುದು. ಪೈಪ್ ಅರ್ತಿಂಗ್‌ಗೆ ಪೈಪು ಕನಿಷ್ಠ 2.5 ಮೀಟರ್, ಅಂದರೆ ಎಂಟಡಿ, ಇಳಿಯಬೇಕು. ಬಂಡೆ ಸಿಕ್ಕಿತೆಂದು ಪೈಪು ಕತ್ತರಿಸಿ ಮುಚ್ಚುವವರಿದ್ದಾರೆ, ಪಕ್ಕದಲ್ಲಿ ನಿಂತು ನೋಡಿ. ಒಂದು ಕಡೆ ಇಳಿಯದಿದ್ದರೆ ದೂರ ಬಿಟ್ಟು ಎರಡು ಗುಂಡಿ ತೋಡಿ ಜೋಡಿಸಬಹುದು. ಇದ್ದಿಲು, ಉಪ್ಪು ಹಾಕುವ ಹಳೆಯ ಕ್ರಮ ಕೆಲಸ ಮಾಡುತ್ತದೆ, ಆದರೆ ಉಪ್ಪು ಪೈಪನ್ನು ತಿನ್ನುತ್ತದೆ. ಗುಬ್ಬಿ ಕಡೆಯ ಒಬ್ಬ ಹಿರಿಯರು ಗುಂಡಿಯನ್ನು ಬಚ್ಚಲ ನೀರು ಹೋಗುವ ತೆಂಗಿನ ಬುಡದ ಪಕ್ಕ ಮಾಡಿಸಿದ್ದರು. ಬೇಸಿಗೆಯಲ್ಲೂ ತೇವ ಆರದ ಅಂಥ ಜಾಗ ಹಿತ್ತಲಲ್ಲಿ ಬೇರೆ ಸಿಗುವುದಿಲ್ಲ.

ಕೆಲವರು ಅರ್ತ್ ಪಿನ್ನನ್ನು ಪ್ಲಗ್ಗಿನ ಒಳಗೇ ನ್ಯೂಟ್ರಲ್‌ಗೆ ಸೇರಿಸಿಕೊಡುತ್ತಾರೆ. ಕೆಂಪು ದೀಪ ಆರುತ್ತದೆ, ಕಾರು ಚಾರ್ಜ್ ಆಗುತ್ತದೆ. ಕಂಬದಿಂದ ಬರುವ ನ್ಯೂಟ್ರಲ್ ಕಟ್ಟಾದ ದಿನ ಕಾರಿನ ಬಾಡಿಗೇ ಕರೆಂಟು ಬರುತ್ತದೆ. ಈ ಉಪಾಯ ಹೇಳಿದವನನ್ನು ಮತ್ತೆ ಮನೆಗೆ ಕರೆಯಬೇಡಿ.

4. ಎಂ.ಸಿ.ಬಿ. ಇದ್ದರೆ ಸಾಲದು

ಲೆಕ್ಕ ಹಾಕಿ ನೋಡಿ. ನಿಮ್ಮ ಅರ್ತ್ ಗುಂಡಿಯ ಪ್ರತಿರೋಧ 20 ಓಮ್ ಇದೆ, ಕಾರಿನ ಬಾಡಿಗೆ ಕರೆಂಟ್ ತಗುಲಿದೆ. 230ನ್ನು 20ರಿಂದ ಭಾಗಿಸಿದರೆ ಹನ್ನೊಂದೂವರೆ ಆಂಪಿಯರ್. ಅಷ್ಟಕ್ಕೆ 16 ಆಂಪಿಯರ್‌ನ ಎಂ.ಸಿ.ಬಿ. ಬೀಳುವುದೇ ಇಲ್ಲ. 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ., ಅಂದರೆ ಸೋರುವ ಕರೆಂಟನ್ನು ಹಿಡಿಯುವ ಸ್ವಿಚ್ಚು, ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಕೊಳ್ಳುವಾಗ 'ಎ' ಟೈಪ್ ಎಂದೇ ಕೇಳಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು 'ಎಸಿ' ಟೈಪ್, ಕಾರಿನೊಳಗಿನ ಸರ್ಕ್ಯೂಟ್‌ನಿಂದ ಸೋರುವ ಕೆಲವು ಬಗೆಯ ಕರೆಂಟನ್ನು ಅದು ಗುರುತಿಸುವುದಿಲ್ಲ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ.

5. ಕೈಯಿಟ್ಟು ನೋಡಿ

ಗೀಸರು ಹತ್ತು ನಿಮಿಷ ಓಡಿ ನಿಲ್ಲುತ್ತದೆ. ಕಾರು ಏಳು ಗಂಟೆ ಬಿಡದೆ 15 ಆಂಪಿಯರ್ ಎಳೆಯುತ್ತದೆ. ಮಾಮೂಲಿ ಸ್ವಿಚ್‌ಬೋರ್ಡಿನ ಪ್ಲಗ್ ಇದನ್ನು ಬಹುಕಾಲ ತಾಳುವುದಿಲ್ಲ. ಮೀಟರ್ ಬೋರ್ಡಿನಿಂದ ನೇರವಾಗಿ ಬೇರೆ ಲೈನ್ ಎಳೆಸಿ: 16 ಆಂಪಿಯರ್‌ಗೆ 4 ಚದರ ಮಿ.ಮೀ. ತಾಮ್ರದ ತಂತಿ, 32 ಆಂಪಿಯರ್‌ನ ಡಬ್ಬಿಗೆ 6, ದೂರ ಹೆಚ್ಚಿದ್ದರೆ 10. ಪ್ಲಗ್ ಇಂಡಸ್ಟ್ರಿಯಲ್ ಬಗೆಯದಿರಲಿ. ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ. ಮೊದಲ ದಿನ ಒಂದು ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ಗಿನ ಮುಖಕ್ಕೆ ಕೈಯಿಡಿ. ಬೆಚ್ಚಗಿದ್ದರೆ ಸರಿ, ಸುಡುತ್ತಿದ್ದರೆ ನಿಲ್ಲಿಸಿ.

6. ತೋಟದ ಮನೆಯ ಕರೆಂಟು ಬೇರೆ ಲೋಕ

ಊರೊಳಗಿನ ಮನೆಗೆ ಪಂಪ್‌ಸೆಟ್‌ಗಳಿಂದ ಬೇರ್ಪಡಿಸಿದ ನಿರಂತರ ಜ್ಯೋತಿಯ ಲೈನ್ ಇದ್ದರೆ ಚಿಂತೆಯಿಲ್ಲ. ಗುಬ್ಬಿ, ಕುಣಿಗಲ್ ಕಡೆಯ ತೋಟದ ಮನೆಗಳು ಪಂಪ್‌ಸೆಟ್‌ಗಳ ಫೀಡರಿನಲ್ಲೇ ಇರುತ್ತವೆ. ಅಲ್ಲಿ ತ್ರೀ ಫೇಸ್ ಬರುವುದು ದಿನಕ್ಕೆ ಏಳು ಗಂಟೆಯಷ್ಟು, ಅದೂ ಪಾಳಿಯಲ್ಲಿ. ರಾತ್ರಿ ಸಿಂಗಲ್ ಫೇಸ್ ಕೊಟ್ಟಾಗ ಅಕ್ಕಪಕ್ಕದವರು ಕಂಡೆನ್ಸರ್ ಹಾಕಿ ಮೋಟರ್ ಓಡಿಸುತ್ತಾರೆ, ವೋಲ್ಟೇಜ್ ಕುಸಿಯುತ್ತದೆ, ಕಾರು ಚಾರ್ಜ್ ಆಗುವುದನ್ನು ನಿಲ್ಲಿಸುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಸಂಜೆ ಇದ್ದಷ್ಟೇ ಇರುತ್ತದೆ. ಇಂಥ ಕಡೆ ಆಂಪಿಯರ್ ಇಳಿಸಲು ಬರುವ ಚಾರ್ಜರ್ ಕೊಳ್ಳಿ. 8 ಅಥವಾ 10ಕ್ಕೆ ಇಳಿಸಿದರೆ ಬಡಕಲು ಲೈನಿನಲ್ಲೂ ನಿಧಾನವಾಗಿ ತುಂಬುತ್ತದೆ. ವೋಲ್ಟೇಜ್ ಏರಿದರೂ ಇಳಿದರೂ ಕಡಿತ ಮಾಡುವ ರಿಲೇ ಒಂದನ್ನು ಮೊದಲೇ ಹಾಕಿಸಿ.

"ಪಂಪ್‌ಸೆಟ್ ಕರೆಂಟು ಫ್ರೀ ಅಲ್ಲವೇನಪ್ಪಾ, ಅದಕ್ಕೇ ಕೊಟ್ಬಿಡು" ಎಂದು ಕೇಳುವವರಿಗೆ ಕಡಿಮೆಯಿಲ್ಲ. 10 ಎಚ್‌.ಪಿ.ವರೆಗಿನ ಉಚಿತ ಕರೆಂಟು ನೀರೆತ್ತಲು ಕೊಟ್ಟದ್ದು. ಅದರಲ್ಲಿ ಕಾರು ತುಂಬಿಸಿ ಸಿಕ್ಕಿಬಿದ್ದರೆ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಬಿಲ್ಲು ದುಪ್ಪಟ್ಟು ಬರುತ್ತದೆ. ನಾನು ಆ ಕೆಲಸಕ್ಕೆ ಕೈಹಾಕುವುದಿಲ್ಲ.

7. ಗೃಹಜ್ಯೋತಿಯ ಲೆಕ್ಕ ಮೊದಲೇ ಮಾಡಿ

2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಮನೆಯ ಹೆಂಗಸರು ಕೇಳುವ ಮೊದಲ ಪ್ರಶ್ನೆ, "ಕಾರು ಬಂದರೆ ಉಚಿತ ತಪ್ಪಿಹೋಗುತ್ತದೆಯೇ?" ಸರಿಯಾದ ಪ್ರಶ್ನೆಯೂ ಹೌದು. 2022–23ರಲ್ಲಿ ನಿಮ್ಮ ಸರಾಸರಿ 90 ಯೂನಿಟ್ ಇದ್ದರೆ, ಶೇ 10 ಸೇರಿಸಿ 99 ಯೂನಿಟ್ ಉಚಿತ. ಅದರ ಮೇಲೆ 200ರವರೆಗೆ ಹೋದರೆ ಹೆಚ್ಚಿನದಕ್ಕಷ್ಟೇ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು.

ಸ್ಕೂಟರಿನವರಿಗೆ ಭಯವಿಲ್ಲ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸಿದರೂ 33 ಯೂನಿಟ್ ಆಸುಪಾಸು, ಒಟ್ಟು 123, ಕಟ್ಟುವುದು 24 ಯೂನಿಟ್‌ಗೆ. ಕಾರು ಅದೇ ಸಾವಿರ ಕಿ.ಮೀ.ಗೆ 143 ಯೂನಿಟ್ ಕುಡಿಯುತ್ತದೆ, ಒಟ್ಟು 233, ಉಚಿತ ಹೋಯಿತು. ಯೂನಿಟ್‌ಗೆ ಸುಮಾರು ಆರು ರೂಪಾಯಿಯಂತೆ 1,400 ರೂಪಾಯಿ, ಜೊತೆಗೆ ನಿಗದಿತ ಶುಲ್ಕ. ಪೆಟ್ರೋಲ್ ಕಾರಿನಲ್ಲಿ ಆ ಸಾವಿರ ಕಿ.ಮೀ.ಗೆ ಆರೂವರೆ ಸಾವಿರ ಹತ್ತಿರ ಆಗುತ್ತಿತ್ತು ಎಂಬುದನ್ನೂ ಮನೆಯಲ್ಲಿ ಹೇಳಿ. ಆದರೂ ಉಚಿತ ತಪ್ಪಿತಲ್ಲ ಎಂಬ ಬೇಜಾರು ಹೋಗುವುದಿಲ್ಲ, ನೋಡಿದ್ದೇನೆ.

ಇದಕ್ಕೆ ದಾರಿ ಬೇರೆ ಮೀಟರ್. ಕೇಂದ್ರದ 2024ರ ತಿದ್ದುಪಡಿ ನಿಯಮದಲ್ಲಿ ವಾಹನ ಚಾರ್ಜಿಂಗ್‌ಗೆ ಗ್ರಾಹಕರು ಪ್ರತ್ಯೇಕ ಸಂಪರ್ಕ ಪಡೆಯಬಹುದು. ಹೊಸ ಸಂಪರ್ಕಕ್ಕೆ ಪುರಸಭೆ, ನಗರ ಪ್ರದೇಶದಲ್ಲಿ ಏಳು ದಿನ, ಹಳ್ಳಿಯಲ್ಲಿ ಹದಿನೈದು ದಿನ ಎಂದು ಗಡುವೂ ಇದೆ, ಕಾಗದದ ಮೇಲೆ. ಚಾರ್ಜಿಂಗ್‌ಗೆಂದು ಎಲ್‌.ಟಿ. 6(ಸಿ) ಎಂಬ ದರಪಟ್ಟಿಯೇ ಇದೆ. ಮನೆಯ ಆರ್‌.ಆರ್. ನಂಬರಿನ ಗೃಹಜ್ಯೋತಿ ಹಾಗೇ ಉಳಿಯುತ್ತದೆ. ಎರಡನೇ ನಿಗದಿತ ಶುಲ್ಕ ಸೇರಿಸಿ ಲಾಭ ಉಳಿಯುತ್ತದೆಯೇ ಎಂದು ಬೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಕೂತು ಲೆಕ್ಕ ಹಾಕಿಸಿ. ಬೇರೆ ಮೀಟರ್ ಬೇಡವೆಂದರೂ, ಮಂಜೂರಾದ ಲೋಡ್ ಒಂದೆರಡು ಕಿಲೋವ್ಯಾಟ್ ಮಾತ್ರ ಇರುವ ಹಳೆಯ ಮನೆಗಳು ಅದನ್ನು ಹೆಚ್ಚಿಸಿಕೊಳ್ಳಲೇಬೇಕು.

8. ಯು.ಪಿ.ಎಸ್. ಲೈನಿಗೆ ಸೇರಿಸಬೇಡಿ

ಮನೆಯ ಯು.ಪಿ.ಎಸ್. ದೀಪ, ಫ್ಯಾನಿಗೆ. 3.3 ಕಿಲೋವ್ಯಾಟ್ ಅದರ ಶಕ್ತಿಯಲ್ಲ. ಚಾರ್ಜರಿನ ಲೈನ್ ಯು.ಪಿ.ಎಸ್.ಗಿಂತ ಮೊದಲೇ ಕವಲೊಡೆಯಬೇಕು.

9. ಕೊಬ್ಬರಿ ಅಟ್ಟದ ಕೆಳಗೆ ಬೇಡ

ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುತ್ತಾರೆ. ಕಾರು ನಿಲ್ಲುವುದೂ ಎಷ್ಟೋ ಮನೆಯಲ್ಲಿ ಅದರ ಕೆಳಗೇ. ಸಿಪ್ಪೆ, ಕೊಬ್ಬರಿ ಎರಡಕ್ಕೂ ಕಿಡಿ ಸಾಕು, ಮೇಲಾಗಿ ಅಲ್ಲಿ ಇಲಿ, ಅಳಿಲು ತಂತಿ ಕಡಿಯುತ್ತವೆ. ಚಾರ್ಜರ್ ಹೊರಗೋಡೆಗೆ ಹೋಗಲಿ: ಧೂಳು, ನೀರು ಒಳಹೋಗದ ಐ.ಪಿ. 65 ಗುರುತಿನದು, ಮೇಲೊಂದು ತಗಡಿನ ಮಾಡು, ಎದೆಯೆತ್ತರ. ತೆಂಗಿನ ಮರದ ನೇರಕ್ಕೆ, ಹುಲ್ಲಿನ ಮೆದೆಯ ಪಕ್ಕಕ್ಕೆ ಬೇಡ. ಗೋಡೆಗೆ ತೂತು ಕೊರೆಯುವ ಮುಂಚೆ ಕಾರನ್ನು ತಂದು ನಿಲ್ಲಿಸಿ ನೋಡಿ. ಕೆಲವದಕ್ಕೆ ಚಾರ್ಜಿಂಗ್ ಬಾಯಿ ಮೂತಿಯಲ್ಲಿದೆ, ಕೆಲವದಕ್ಕೆ ಹಿಂದಿನ ಪಕ್ಕದಲ್ಲಿ. ಐದು ಮೀಟರ್ ಕೇಬಲ್ಲು ಎಟುಕದಿದ್ದರೆ ದಿನಾ ರಿವರ್ಸ್ ಹೊಡೆಯಬೇಕಾಗುತ್ತದೆ.