ಪೂಜಾಪತ್ರೆಯೂ ಪ್ರಾಣಿದಯೆಯೂ

ಸಕಲ ಜೀವರಲ್ಲಿ ದಯೆಯಿರಬೇಕೆಂಬುದನ್ನು ಬಸವಾದಿ ಪ್ರಮಥರು ಧರ್ಮದ ಬುಡವನ್ನಾಗಿ ಬೋಧಿಸಿದರೆಂಬುದು ಸದ್ಭಕ್ತರೆಲ್ಲರಿಗೂ ತಿಳಿದ ವಿಷಯ. ಆದರೆ ದಯೆಗೆ ಮೊದಲು ದೃಷ್ಟಿ ಬೇಕು. ಕಾಣದ ಪ್ರಾಣಿಯನ್ನು ಕನಿಕರಿಸುವುದು ಹೇಗೆ? ನಿತ್ಯವೂ ಲಿಂಗಪೂಜೆಗೆಂದು ಪತ್ರೆ ಪುಷ್ಪಗಳನ್ನು ಕೊಯ್ಯುವ ನಾವು, ಆ ಎಲೆಯ ಮರೆಯಲ್ಲಿ ಬದುಕುವ ಜೀವವನ್ನು ಎಂದಾದರೂ ನೋಡಿದ್ದೇವೆಯೇ? ಈ ಪ್ರಶ್ನೆಯನ್ನು ಗೃಹಸ್ಥರ ಮುಂದಿಡುವುದೇ ಈ ಲೇಖನದ ಉದ್ದೇಶ.

ಶರಣರು ಕಣ್ಣು ತೆರೆದು ಲೋಕವನ್ನು ಕಂಡವರು. ರೇಷ್ಮೆಯ ಹುಳು ತನ್ನ ಮೈಯ ಸಾರದಿಂದಲೇ ಗೂಡನ್ನು ಹೆಣೆದುಕೊಂಡು ಅದರೊಳಗೆ ಅಳಿಯುವುದನ್ನು ಅಕ್ಕಮಹಾದೇವಿಯು ಸಂಸಾರಬಂಧಕ್ಕೆ ದೃಷ್ಟಾಂತವಾಗಿ ಬಳಸಿದ್ದಾಳೆ. ಹುಳುವನ್ನು ನೋಡದವರಿಗೆ ಅಂತಹ ಮಾತು ಹೊಳೆಯಲಾರದು.

ನಮ್ಮ ಸೀಮೆಯಲ್ಲಿ ನೋಡತಕ್ಕದ್ದಕ್ಕೆ ಕೊರತೆಯಿಲ್ಲ. ತರೀಕೆರೆಯ ಪಡುವಣಕ್ಕೆ ಬಾಬಾಬುಡನ್ ಗಿರಿಶ್ರೇಣಿಯ ಹಸಿರು. ಕಡೂರಿನ ಕಡೆ ವೇದಾವತಿಯ ಬಯಲು. ಅಜ್ಜಂಪುರದ ಸುತ್ತ ಅಮೃತಮಹಲ್ ರಾಸುಗಳು ಮೇಯುವ ಹುಲ್ಲುಗಾವಲು. ಬೇಸಗೆಯಲ್ಲಿ ಹುಲ್ಲು ಒಣಗಿದರೂ ಪ್ರಕೃತಿ ಬರಿದಾಗುವುದಿಲ್ಲ. ಮಾಘ ಫಾಲ್ಗುಣಗಳಲ್ಲಿ ಮುತ್ತುಗ ಕೆಂಪಾಗಿ ಅರಳುತ್ತದೆ. ಯುಗಾದಿಯ ಹೊತ್ತಿಗೆ ಬೇವು, ಹೊಂಗೆಗಳು ಹೂವಿನಿಂದ ತುಂಬಿ ಜೇನುನೊಣಗಳ ಝೇಂಕಾರದಿಂದ ಮೊಳಗುತ್ತವೆ. ವೈಶಾಖದಲ್ಲಿ ಕಕ್ಕೆಯ ಹಳದಿ ಗೊಂಚಲುಗಳು ಇಳಿಬೀಳುತ್ತವೆ. ಆದರೆ ಇಷ್ಟು ದೂರ ಹೋಗುವುದೂ ಬೇಡ. ಹಿತ್ತಲಿನ ಬಿಲ್ವವೊಂದೇ ಸಾಕು.

ಚೈತ್ರ ವೈಶಾಖಗಳಲ್ಲಿ ಬಿಲ್ವವು ಹೊಸ ಚಿಗುರನ್ನು ತಳೆದಾಗ, ಕಪ್ಪು ರೆಕ್ಕೆಯ ಮೇಲೆ ತಿಳಿಹಳದಿ ಮಚ್ಚೆಗಳುಳ್ಳ ಚಿಟ್ಟೆಯೊಂದು ಅಲ್ಲಿ ಸುಳಿದಾಡುತ್ತದೆ. ನಿಂಬೆ, ಕರಿಬೇವುಗಳಲ್ಲಿಯೂ ಕಾಣುವುದರಿಂದ ಇದಕ್ಕೆ ನಿಂಬೆ ಚಿಟ್ಟೆಯೆಂದು ಹೆಸರು. ಎಳೆಯ ಎಲೆಗಳ ಮೇಲೆ ಸಾಸಿವೆಗಿಂತ ಕಿರಿದಾದ ತಿಳಿಹಳದಿ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಕೆಲವೇ ದಿನಗಳಲ್ಲಿ ಹೊರಬರುವ ಮರಿಹುಳು ಹಕ್ಕಿಯ ಹಿಕ್ಕೆಯಂತೆ ಕಾಣುವುದರಿಂದ ಹಕ್ಕಿಗಳು ಅದನ್ನು ಮುಟ್ಟುವುದು ಕಡಿಮೆ. ಬೆಳೆದ ಮೇಲೆ ಎಲೆಯ ಹಸಿರನ್ನೇ ತಳೆಯುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲಾದ ಕೊಂಬಿನಂತಹ ಅಂಗವನ್ನು ಚಾಚಿ ಗಾಢವಾದ ವಾಸನೆಯನ್ನು ಬೀರುತ್ತದೆ. ಹೊಟ್ಟೆ ತುಂಬಿದ ಬಳಿಕ ಕಡ್ಡಿಗೆ ನೂಲಿನ ಪಟ್ಟಿ ಕಟ್ಟಿಕೊಂಡು ಉಪವಾಸವಿದ್ದು ಕೋಶವಾಗುತ್ತದೆ. ಸುಮಾರು ಒಂದು ತಿಂಗಳಲ್ಲಿ ಮೊಟ್ಟೆಯು ಚಿಟ್ಟೆಯಾಗಿ ಹಾರುತ್ತದೆ.

ಎಕ್ಕದ ಗಿಡದಲ್ಲಿಯೂ ಇಂತಹುದೇ ವಿಸ್ಮಯ. ಕಪ್ಪು, ಬಿಳಿ, ಹಳದಿ ಪಟ್ಟೆಗಳ ಮರಿಹುಳುವೊಂದು ಆ ವಿಷದ ಎಲೆಯನ್ನೇ ಉಂಡು, ವಿಷವನ್ನು ಮೈಯಲ್ಲಿ ಧರಿಸಿ, ಕಾವಿಬಣ್ಣದ ಚಿಟ್ಟೆಯಾಗುತ್ತದೆ. ಒಮ್ಮೆ ಅದರ ಕಹಿಯನ್ನುಂಡ ಹಕ್ಕಿ ಮತ್ತೆ ಅದನ್ನು ಹಿಡಿಯಲು ಹಿಂಜರಿಯುತ್ತದೆ. ಎಕ್ಕದ ಪರಾಗವಾದರೋ ಪುಡಿಯಾಗಿ ಉದುರದೆ ಪುಟ್ಟ ಗಂಟಾಗಿ ಕಪ್ಪು ದುಂಬಿಯ ಕಾಲಿಗಂಟಿಕೊಂಡು ಬೇರೆ ಹೂವನ್ನು ಸೇರುತ್ತದೆ. ಒಂದು ಇನ್ನೊಂದನ್ನು ಸಲಹುತ್ತದೆ.

ಇಲ್ಲಿ ಒಂದು ಶಂಕೆಯನ್ನು ಪರಿಹರಿಸಬೇಕು. ಭ್ರಮರಕೀಟ ನ್ಯಾಯವು ನಮ್ಮ ಶಾಸ್ತ್ರಗಳಲ್ಲಿ ಪ್ರಸಿದ್ಧ. ಕೀಟವು ಭ್ರಮರವನ್ನೇ ಧ್ಯಾನಿಸಿ ಭ್ರಮರವಾಗುವಂತೆ ಭಕ್ತನು ಲಿಂಗವನ್ನು ಧ್ಯಾನಿಸಿ ಲಿಂಗವೇ ಆಗುವನೆಂದು ಅದರ ಅರ್ಥ. ಗೋಡೆಯ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳುವನ್ನು ಗಮನಿಸಿದರೆ ಬೇರೆ ಸಂಗತಿ ತಿಳಿಯುತ್ತದೆ. ಅದು ಮರಿಹುಳುವನ್ನು ಕುಟುಕಿ, ಚಲನೆ ತಪ್ಪಿಸಿ, ಗೂಡಿನೊಳಗಿಟ್ಟು, ತನ್ನ ಮೊಟ್ಟೆಯನ್ನೂ ಇಟ್ಟು ಬಾಯಿ ಮುಚ್ಚುತ್ತದೆ; ಒಡೆದು ಬಂದ ಮರಿಯು ಆ ಹುಳುವನ್ನು ತಿಂದು ಬೆಳೆದು ಹೊರಬರುತ್ತದೆ. ಹಾಗಾದರೆ ನ್ಯಾಯವು ಸುಳ್ಳಾಯಿತೇ? ಇಲ್ಲ. ದೃಷ್ಟಾಂತವು ಏಕದೇಶೀಯ, ಅದು ಧ್ಯಾನದ ಬಲವನ್ನು ತಿಳಿಸಲು ಬಂದುದೇ ಹೊರತು ಕೀಟದ ಜೀವನವನ್ನು ವರ್ಣಿಸಲು ಬಂದುದಲ್ಲ. ಪ್ರತ್ಯಕ್ಷವನ್ನು ಮರೆಮಾಡಿ ಭಕ್ತಿಯನ್ನು ಕಾಯಬೇಕಾಗಿಲ್ಲ. ಅದೇ ಅರ್ಥವನ್ನು ಕಣ್ಣಾರೆ ಕಾಣಬಯಸುವವರಿಗೆ ಬಿಲ್ವದ ಮರಿಹುಳುವೇ ಇದೆ. ಕೋಶದೊಳಗೆ ಅದರ ಹಳೆಯ ದೇಹದ ಬಹುಭಾಗ ಕರಗಿ, ಮೊದಲೇ ಸೂಕ್ಷ್ಮವಾಗಿ ಅಡಗಿದ್ದ ಮೊಳಕೆಗಳಿಂದ ರೆಕ್ಕೆಗಳು ಬೆಳೆಯುತ್ತವೆ. ಅಂಗಗುಣವಳಿದು ಲಿಂಗಗುಣ ಮೂಡುವುದನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಸರಳವಾದ ಪಾಠ ಬೇಕೇ?

ಈಗ ಆಚರಣೆಯ ಮಾತು. ಪತ್ರೆ ಕೊಯ್ಯುವ ಮುನ್ನ ಎಲೆಯನ್ನು ಎರಡೂ ಕಡೆ ನೋಡಬೇಕು. ಮೊಟ್ಟೆಯೋ ಹುಳುವೋ ಇದ್ದರೆ ಆ ಕೊಂಬೆಯನ್ನು ಬಿಟ್ಟುಬಿಡಬೇಕು. ಪೂಜೆಗೆ ಬೇಕಾದಷ್ಟನ್ನೇ ಕೊಯ್ದು, ಚಿಗುರನ್ನು ಗಿಡದಲ್ಲಿ ಉಳಿಸಬೇಕು. ಬಿಲ್ವ, ಕರಿಬೇವುಗಳಿಗೆ ವಿಷದ ಔಷಧಿಯನ್ನು ಸಿಂಪಡಿಸಬಾರದು. ಹಿತ್ತಲಿನ ಕುಂಬಳ, ಹೀರೆಗಳು ಕಾಯಿ ಕಚ್ಚುವುದು ಜೇನು ದುಂಬಿಗಳಿಂದಲೇ ಎಂಬುದನ್ನು ಮರೆಯಬಾರದು. ಬೇಸಗೆಯಲ್ಲಿ ಬದುವಿಗೂ ಕಾವಲಿಗೂ ಬೆಂಕಿಯಿಡುವ ರೂಢಿಯನ್ನು ಬಿಡಬೇಕು. ಆ ಒಣಹುಲ್ಲಿನಲ್ಲಿ ಎಣಿಸಲಾಗದಷ್ಟು ಮೊಟ್ಟೆಗಳೂ ಕೋಶಗಳೂ ಮಳೆಗಾಗಿ ಕಾದಿರುತ್ತವೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು ಕೃಷ್ಣಮೃಗವೇ ಮೊದಲಾದ ಜೀವಿಗಳ ರಕ್ಷಣೆಗಾಗಿ 2011ರಲ್ಲಿ ಸರ್ಕಾರವು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಸರ್ಕಾರವು ಕಾವಲನ್ನು ಕಾಯಬಹುದು. ಹಿತ್ತಲನ್ನು ಕಾಯಬೇಕಾದವರು ಗೃಹಸ್ಥರೇ.

ಪತ್ರೆಯ ಅರ್ಧವನ್ನು ಹುಳು ತಿಂದಿತೆಂದು ಕೋಪಗೊಳ್ಳುವ ಭಕ್ತರುಂಟು. ಗಿಡವನ್ನು ಕೊಟ್ಟ ಶಿವನೇ ಆ ಹುಳುವಿಗೆ ಹಸಿವನ್ನೂ ಕೊಟ್ಟನು. ತನಗಿಂತ ಕಿರಿದಾದ ಜೀವಿಗೂ ಬಾಗುವುದು ಭೃತ್ಯಾಚಾರ. ಆ ಬಾಗುವಿಕೆಯನ್ನು ಕಲಿತ ಕೈಯಿಂದ ಅರ್ಪಿತವಾದ ಒಂದೇ ದಳವೂ ಲಿಂಗಕ್ಕೆ ಸಲ್ಲುವುದು.